ಲೇತ್ ಹಿಡಿಯುವ ಕೈಗೆ, ಗ್ಲೌಸ್ ಹಾಕುವ ಕೈಗೆ ಯಾವ ಲೋಹದ ಉಂಗುರ?

ನಾನು ಬೆಂಗಳೂರಿನ ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಲೇತ್ (ಲೋಹವನ್ನು ತಿರುಗಿಸುತ್ತಾ ಕೊಯ್ಯುವ ಮೆಷಿನ್) ಆಪರೇಟರ್. ನನ್ನ ಹೆಂಡತಿ ಸ್ಟಾಫ್ ನರ್ಸ್. ನಿಶ್ಚಿತಾರ್ಥಕ್ಕೆ ಉಂಗುರ ತೆಗೆದುಕೊಳ್ಳುವ ಮಾತು ಬಂದಾಗ ಡಿಸೈನ್ ಬಗ್ಗೆ ಚರ್ಚೆಯೇ ಆಗಲಿಲ್ಲ. ಸಾದಾ ಉಂಗುರ, ಕಲ್ಲು ಬೇಡ. ಕಲ್ಲಿನ ಮೂಲೆ ಗ್ಲೌಸ್ ಹರಿಯುತ್ತೆ, ಕಲ್ಲಿನ ಕೆಳಗೆ ಕೊಳೆ ಕೂರುತ್ತೆ ಅಂತ ಅವಳು ಮೊದಲೇ ಹೇಳಿಬಿಟ್ಟಿದ್ದಳು. ಉಳಿದದ್ದು ಲೋಹ ಯಾವುದು ಅನ್ನೋ ಪ್ರಶ್ನೆ. ಅದಕ್ಕೆ ಮಾತ್ರ ನಾವು ನಿಜಕ್ಕೂ ತಲೆ ಕೆಡಿಸಿಕೊಂಡೆವು. ಅವಳ ಕೈ ಇಡೀ ದಿನ ಸೋಪು, ಸ್ಯಾನಿಟೈಸರ್‌ನಲ್ಲೇ ಇರುತ್ತೆ. ನನ್ನ ಕೈಯಲ್ಲಿ ಕೂಲಂಟ್, ಆಯಿಲ್, ಕಬ್ಬಿಣದ ಚೂರು.

ಅಮ್ಮನದು ಒಂದೇ ಮಾತು. "22 ಕ್ಯಾರೆಟ್ ಬಿಟ್ಟು ಬೇರೆ ಯಾವ್ದೂ ಬೇಡ ಕಣೋ. ನಾಳೆ ಕಷ್ಟ ಅಂತ ಬಂದ್ರೆ ಬಂಗಾರ ಕೈ ಹಿಡೀಬೇಕು." ಅದರಲ್ಲಿ ತಪ್ಪೇನಿಲ್ಲ. ನಮ್ಮ ಮನೆಯಲ್ಲಿ ಫೀಸು, ಬೋರ್‌ವೆಲ್ ಎಲ್ಲಾ ಆಗಿದ್ದು ಒಡವೆ ಅಡವಿಟ್ಟೇ. ಆದರೆ ಅಮ್ಮನ ಬೆರಳಲ್ಲಿದ್ದ 22 ಕ್ಯಾರೆಟ್ ಉಂಗುರವನ್ನೇ ಬಿಚ್ಚಿಸಿ ವರ್ನಿಯರ್ ಹಿಡಿದು ನೋಡಿದೆ. ಮೇಲ್ಭಾಗದಲ್ಲಿ 1.3 ಮಿಲಿಮೀಟರ್ ದಪ್ಪ. ಅಂಗೈ ಕಡೆ, ಪಾತ್ರೆ, ಪೊರಕೆ, ಕುಡುಗೋಲು ಉಜ್ಜುವ ಜಾಗದಲ್ಲಿ, 0.6. ಸುತ್ತಳತೆಯೂ ದುಂಡಗೆ ಉಳಿದಿರಲಿಲ್ಲ, ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಸವೆದು ಹೋದ ಬಂಗಾರವನ್ನು ಯಾರೂ ತೂಕಕ್ಕೆ ಹಾಕಿ ದುಡ್ಡು ಕೊಡಲ್ಲ, ಅಲ್ವಾ?

22 ಕ್ಯಾರೆಟ್ ಅಂದರೆ ಸಾವಿರಕ್ಕೆ 916 ಪಾಲು ಬಂಗಾರ. 18 ಅಂದರೆ 750 ಪಾಲು, ಉಳಿದದ್ದು ಹೆಚ್ಚಾಗಿ ತಾಮ್ರ, ಬೆಳ್ಳಿ. ಆ ಬೆರಕೆಯಿಂದಲೇ ಗಟ್ಟಿತನ ಬರೋದು. ಅಮ್ಮನಿಗೆ ಚೀಟಿಯ ಮೇಲೆ ಲೆಕ್ಕ ಬರೆದು ತೋರಿಸಿದೆ. ಐದು ಗ್ರಾಂ ಉಂಗುರ 22ರದ್ದಾದರೆ ಒಳಗೆ 4.58 ಗ್ರಾಂ ಅಪ್ಪಟ ಬಂಗಾರ, 18ರದ್ದಾದರೆ 3.75 ಗ್ರಾಂ. ಕಡಿಮೆ ಇರುವ ಬಂಗಾರಕ್ಕೆ ನಾವು ದುಡ್ಡೂ ಕೊಡುತ್ತಿಲ್ಲ. ಮಾರುವಾಗಲೂ ಅದೇ ಲೆಕ್ಕ. ಅಷ್ಟು ಹೇಳಿದ ಮೇಲೆ ಅಮ್ಮ, "ಹಂಗಾದ್ರೆ ಸರಿ, ತಾಳಿ ಮಾತ್ರ 22ರಲ್ಲೇ ಆಗ್ಬೇಕು" ಅಂದರು. ಒಪ್ಪಿಕೊಂಡೆವು. ತಾಳಿ ಬೆರಳಿನ ಉಂಗುರದಷ್ಟು ಉಜ್ಜಾಟಕ್ಕೆ ಸಿಗಲ್ಲ.

ಗೆಳೆಯರು ಬೇರೆ ಬೇರೆ ಲೋಹ ಹೇಳಿದರು. ಒಬ್ಬ ಆನ್‌ಲೈನ್‌ನಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಉಂಗುರ ತೋರಿಸಿದ. ಕಡಿಮೆ ಬೆಲೆ, ಗೀರು ಬೀಳಲ್ಲ, ಕಪ್ಪಗೆ ಮಿಂಚುತ್ತೆ. ಆ ಲೋಹದ ಜೊತೆ ನನ್ನದು ದಿನದ ಒಡನಾಟ. ನಮ್ಮ ಲೇತ್‌ನ ಇನ್ಸರ್ಟ್‌ಗಳು, ಅಂದರೆ ಕೊಯ್ಯುವ ತುದಿಗಳು, ಅದರವೇ. ಸ್ಟೀಲನ್ನು ಬೆಣ್ಣೆಯ ಹಾಗೆ ಕೊಯ್ಯುತ್ತೆ, ಆದರೆ ಏಟು ತಡೆಯಲ್ಲ. ಮೂಲೆ ಚಕ್ಕೆ ಏಳುತ್ತೆ, ಸಿಮೆಂಟ್ ನೆಲಕ್ಕೆ ಬಿದ್ದರೆ ಸೀಳಬಹುದು. ಅಳತೆ ಹೆಚ್ಚು ಕಡಿಮೆ ಮಾಡೋಕೆ ಸಾಧ್ಯವೇ ಇಲ್ಲ. ಟೈಟಾನಿಯಂ ಹಗುರ, ಅಲರ್ಜಿ ಕಮ್ಮಿ, ಒಳ್ಳೇ ಲೋಹವೇ. ಆದರೆ ನಮ್ಮೂರಿನ ಯಾವ ಆಚಾರ್ರೂ ಅದಕ್ಕೆ ಬೆಸುಗೆ ಹಾಕಲ್ಲ.

ಇಲ್ಲಿ ಅವಳು ಹೇಳಿದ ಒಂದು ಮಾತು ನನಗೆ ತುಂಬಾ ಮುಖ್ಯ ಅನ್ನಿಸಿತು. "ಬೆರಳಿಗೆ ಏಟು ಬಿದ್ದು ಊದಿಕೊಂಡು ಕ್ಯಾಶುವಾಲ್ಟಿಗೆ ಬರ್ತಾರೆ. ಮೊದಲು ಸೋಪು ಹಚ್ಚಿ, ದಾರ ಸುತ್ತಿ ತೆಗೆಯೋಕೆ ನೋಡ್ತೀವಿ. ಆಗದಿದ್ರೆ ಕತ್ತರಿಸಬೇಕು. ಬಂಗಾರ ಆದ್ರೆ ಕೈಯಲ್ಲಿ ತಿರುಗಿಸೋ ಪುಟ್ಟ ಕಟರ್ ಸಾಕು. ಟೈಟಾನಿಯಂ ಆದ್ರೆ ಅಷ್ಟು ಸುಲಭಕ್ಕೆ ಆಗಲ್ಲ ನೋಡಿ." ಕಾರ್ಬೈಡ್ ಉಂಗುರವನ್ನಂತೂ ಕತ್ತರಿಸೋಕೆ ಹೋಗಬಾರದು, ಹೊರಗಿಂದ ಇಕ್ಕಳದಲ್ಲಿ ಬಿಗಿ ಮಾಡುತ್ತಾ ಒಡೆಯಬೇಕು. ನನ್ನಂಥ ಕೆಲಸದವರು ಇದನ್ನು ಯೋಚಿಸಲೇಬೇಕು. ತಿರುಗುವ ಮೆಷಿನ್ ಹತ್ತಿರ ಉಂಗುರವೇ ಇರಬಾರದು, ಯಾವ ಲೋಹದ್ದಾದರೂ ಸರಿ. ಶಿಫ್ಟ್‌ಗೆ ಹೋಗುವಾಗ ನನ್ನ ಉಂಗುರ ಮನೆಯಲ್ಲೇ ಇರುತ್ತೆ.

ಪ್ಲಾಟಿನಂ ಅವಳಿಗೆ ತುಂಬಾ ಇಷ್ಟವಾಗಿತ್ತು. ನಾನೂ ಕೈಯಲ್ಲಿ ಹಿಡಿದು ನೋಡಿದೆ, ಆ ಭಾರವೇ ಬೇರೆ. ಒಂದೇ ಅಳತೆಯ ಉಂಗುರ 18 ಕ್ಯಾರೆಟ್ ಬಂಗಾರದಲ್ಲಿ ಐದು ಗ್ರಾಂ ಬಂದರೆ ಪ್ಲಾಟಿನಂನಲ್ಲಿ ಸುಮಾರು ಆರೂವರೆ ಗ್ರಾಂ ಬರುತ್ತೆ. 950 ಅಂತ ಮುದ್ರೆ ಇರುತ್ತೆ, ಅಂದರೆ ಶೇ 95 ಪ್ಲಾಟಿನಂ. ಗೀರು ಬೀಳುತ್ತೆ, ಆದರೆ ಲೋಹ ಉದುರಿ ಹೋಗೋದು ಕಡಿಮೆ, ಪಕ್ಕಕ್ಕೆ ಸರಿದು ಕೂರುತ್ತೆ. ಸವೆತದ ಲೆಕ್ಕದಲ್ಲಿ ಅದೇ ಮೇಲು. ಬೇಡ ಅಂದಿದ್ದಕ್ಕೆ ಎರಡು ಕಾರಣ. ಬಂಗಾರ 1064 ಡಿಗ್ರಿಗೆ ಕರಗುತ್ತೆ, ಪ್ಲಾಟಿನಂಗೆ 1768 ಡಿಗ್ರಿ ಬೇಕು. ಊರಿನ ಆಚಾರ್ರ ಗ್ಯಾಸ್ ಟಾರ್ಚ್‌ಗೆ ಆಗುವ ಕೆಲಸವಲ್ಲ, ಸಣ್ಣ ರಿಪೇರಿಗೂ ದೊಡ್ಡ ಅಂಗಡಿಗೇ ಓಡಬೇಕು. ಎರಡನೆಯದು, ಅದರ ಮೇಲೆ ಗೋಲ್ಡ್ ಲೋನ್ ಸಿಗಲ್ಲ. ಇದು ಅಮ್ಮನ ಮಾತಿನ ತಿರುಳು, ಅದನ್ನು ಬಿಡೋಕೆ ನನಗೆ ಮನಸ್ಸಿರಲಿಲ್ಲ.

ಬಿಳಿ ಬಣ್ಣವೇ ಬೇಕಿದ್ದರೆ ವೈಟ್ ಗೋಲ್ಡ್ ಇದೆಯಲ್ಲ ಅಂತ ಅಂಗಡಿಯವರು ಹೇಳಿದರು. ಅದರ ಬೆಳ್ಳನೆ ಹೊಳಪು ಮೇಲಿನ ರೋಡಿಯಂ ಲೇಪದ್ದು. ಸವೆದಂತೆ ಒಳಗಿನ ಹಳದಿ ಛಾಯೆ ಕಾಣುತ್ತೆ, ಮತ್ತೆ ಲೇಪ ಹಾಕಿಸಬೇಕು. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಕೈ ತೊಳೆಯುವವರಿಗೆ ಅದು ಬೇಗ ಬರುವ ಖರ್ಚು. ಇನ್ನೊಂದು ವಿಷಯ: ಕೆಲವು ವೈಟ್ ಗೋಲ್ಡ್‌ನಲ್ಲಿ ನಿಕ್ಕಲ್ ಬೆರಕೆ ಇರುತ್ತೆ. ಅವಳಿಗೆ ಫ್ಯಾನ್ಸಿ ಸ್ಟೋರ್ ಓಲೆ ಹಾಕಿದರೆ ಕಿವಿ ಕೆರೆದು ನೀರು ಬರುತ್ತೆ, ಅದಕ್ಕೆ ಸಾಮಾನ್ಯವಾಗಿ ಕಾರಣ ನಿಕ್ಕಲ್ಲೇ. ಪಲ್ಲೇಡಿಯಂ ಬೆರೆಸಿದ್ದೂ ಬರುತ್ತೆ, ಕೇಳಿ ಖಚಿತ ಮಾಡಿಕೊಂಡರೆ ತೊಂದರೆಯಿಲ್ಲ. ನಮಗೆ ಆ ಗೊಡವೆ ಬೇಡವಾಯಿತು.

14 ಕ್ಯಾರೆಟ್ ಇನ್ನೂ ಗಟ್ಟಿ, ಆದರೆ ಬೆರಕೆ ಹೆಚ್ಚಾದಷ್ಟೂ ಕ್ಲೋರಿನ್‌ಗೆ ಬೇಗ ಕೆಡುತ್ತೆ. ಆಸ್ಪತ್ರೆಯಲ್ಲಿ ಬ್ಲೀಚ್ ನೀರು ಇದ್ದೇ ಇರುತ್ತೆ. 18ಕ್ಕೂ ಆ ಭಯ ಪೂರ್ತಿ ತಪ್ಪಲ್ಲ, ಬ್ಲೀಚ್ ಮುಟ್ಟುವಾಗ ತೆಗೆದಿಡಲೇಬೇಕು.

ಹಾಗಾಗಿ ಇಬ್ಬರಿಗೂ 18 ಕ್ಯಾರೆಟ್ ಹಳದಿ ಬಂಗಾರ, ಎರಡು ಮಿಲಿಮೀಟರ್ ಹತ್ತಿರ ದಪ್ಪ, ಅಂಚು ಒಳಗೂ ಹೊರಗೂ ದುಂಡು. ದಪ್ಪ ಅಂತ ಒತ್ತಿ ಹೇಳ್ತೀನಿ. ತೂಕ ಉಳಿಸೋಕೆ ಒಳಗೆ ಟೊಳ್ಳು ಮಾಡಿದ ಉಂಗುರ ಯಾವ ಕ್ಯಾರೆಟ್ ಆದರೂ ನೆಗ್ಗುತ್ತೆ. ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್‌ನಲ್ಲಿ ಸುತ್ತಿದಾಗ 18ರಲ್ಲಿ ಇದ್ದದ್ದೆಲ್ಲಾ ಹೆಚ್ಚಾಗಿ ಡೈಮಂಡ್ ಉಂಗುರಗಳೇ. ಸಾದಾ ಉಂಗುರ ಆರ್ಡರ್ ಕೊಟ್ಟೇ ಮಾಡಿಸಬೇಕಾಯಿತು. ಬೋರ್ಡ್ ಮೇಲೆ 22ರ ದರ ಮಾತ್ರ ಬರೆದಿದ್ದರೆ ಸುಮ್ನೆ ತಲೆ ಆಡಿಸಬೇಡಿ. 18ರ ದರ ಅದರ ಶೇ 82ರ ಆಸುಪಾಸು ಇರಬೇಕು. ಸಾದಾ ಉಂಗುರಕ್ಕೆ ಕುಸುರಿ ಕೆಲಸವಿಲ್ಲ, ವೇಸ್ಟೇಜ್ ಕಡಿಮೆ ಮಾಡಿ ಅಂತ ಧೈರ್ಯವಾಗಿ ಕೇಳಿ. ಒಳಗಡೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, 18ಕೆ750, ಆ ಒಡವೆಗೆ ಮಾತ್ರ ಸೇರಿದ ಆರು ಅಕ್ಷರ-ಅಂಕಿಗಳ ನಂಬರ್ ಎಚ್‌ಯುಐಡಿ ಮೂರೂ ಇರಬೇಕು. 2023ರ ಏಪ್ರಿಲ್ 1ರಿಂದ ಈ ನಂಬರ್ ಕಡ್ಡಾಯ, ಎರಡು ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ವಿನಾಯಿತಿ ಇದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ವಸ್ತು, ಎಷ್ಟು ಶುದ್ಧ ಅಂತ ತೋರಿಸುತ್ತೆ. ದುಡ್ಡು ಕೊಡುವ ಮೊದಲೇ ಕೌಂಟರ್ ಮುಂದೆ ನಿಂತು ನೋಡಿಕೊಂಡೆವು.

ಮಗು ಹುಟ್ಟಿದ ಮೇಲೆ ಅವಳ ಬೆರಳು ದಪ್ಪಗಾಯಿತು. ಊರಿನ ಆಚಾರ್ರ ಹತ್ತಿರ ತಗೊಂಡು ಹೋದೆವು. ಅವರು ಕನ್ನಡಕ ಏರಿಸಿ ಒಳಗಿನ ಮುದ್ರೆ ಹುಡುಕಿ, ಅದಕ್ಕೆ ಎದುರಿನ ಕಡೆ ಗರಗಸ ಇಟ್ಟರು, ನಂಬರ್ ಅಳಿಯಬಾರದು ಅಂತ. ಸೇರಿಸುವ ತುಂಡೂ 18ರದ್ದೇ ಆಗಬೇಕು ಅಂದರು. 22ರ ತುಂಡು ಹಾಕಿದರೆ ಬಣ್ಣ ಬೇರೆಯಾಗಿ ಎದ್ದು ಕಾಣುತ್ತೆ, ಮೆತ್ತಗಿರೋದ್ರಿಂದ ಸವೆಯೋದೂ ಅಲ್ಲೇ ಮೊದಲು. ಬಿಳಿಗಾರ ಹಚ್ಚಿ, ಬೆಸುಗೆ ಹಾಕಿ, ಉಜ್ಜಿ ಅದೇ ಸಂಜೆ ವಾಪಸ್ ಕೊಟ್ಟರು.