ಪ್ರೊಸ್ಟಟೈಟಿಸ್ ಇರುವವರಿಗೆ ನಾನು ಮೊದಲ ದಿನವೇ ಕೇಳುವ ಪ್ರಶ್ನೆಗಳು

ನಾನು ಮೂತ್ರರೋಗ ತಜ್ಞ. ಪ್ರೊಸ್ಟಟೈಟಿಸ್ ಅಂದರೆ ಮೂತ್ರಚೀಲದ ಕೆಳಗಿರುವ ಪ್ರೊಸ್ಟೇಟ್ ಗ್ರಂಥಿಯ ಉರಿಯೂತ ಅಥವಾ ಆ ಭಾಗದ ನೋವು. ಅದು ಹಳೆಯದಾಗಿರುವ ಗಂಡಸರು ಸಾಮಾನ್ಯವಾಗಿ ದಪ್ಪ ಫೈಲ್ ಹಿಡಿದೇ ಬರುತ್ತಾರೆ. ಮೂತ್ರ ಪರೀಕ್ಷೆ, ಕಲ್ಚರ್, ಸ್ಕ್ಯಾನ್ ಎಲ್ಲಾ ನಾರ್ಮಲ್. ಕಿಬ್ಬೊಟ್ಟೆಯ ನೋವು, ವೃಷಣದ ಹಿಂದಿನ ನೋವು ಮಾತ್ರ ಹಾಗೇ ಇರುತ್ತದೆ. ನಿದ್ದೆ ಹೇಗಿದೆ, ಹೆಂಡತಿ ಜೊತೆ ಹೇಗಿದ್ದೀರಿ ಅಂತ ಯಾರೂ ಕೇಳಿರುವುದಿಲ್ಲ. ನಾನು ಅದನ್ನು ಮೊದಲ ಭೇಟಿಯಲ್ಲೇ ಕೇಳುತ್ತೇನೆ.

ಕೇಳುವುದಕ್ಕೂ ಒಂದು ದಾರಿ ಬೇಕು. ‘ಸಂಸಾರ ಹೇಗಿದೆ?’ ಅಂದರೆ ‘ಪರವಾಗಿಲ್ಲ ಸರ್’ ಅಂತಾರೆ, ಅಷ್ಟೇ. ‘ವೀರ್ಯ ಹೋಗುವಾಗ ಅಥವಾ ಆಮೇಲೆ ನೋವು ಬರುತ್ತಾ?’ ಅಂತ ಕೇಳಿ ನೋಡಿ. ಅದು ನೋವಿನ ಪ್ರಶ್ನೆ, ನಾಚಿಕೆ ಕಡಿಮೆ. ಅಲ್ಲಿಂದ ಮಾತು ತಾನಾಗೇ ಮುಂದೆ ಹೋಗುತ್ತದೆ.

ಈ ಕಾಯಿಲೆ ಅಳೆಯಲು ಬಳಸುವ ಎನ್‌ಐಎಚ್ (ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ) ಪ್ರಶ್ನಾವಳಿಯಲ್ಲಿ 9 ಪ್ರಶ್ನೆಗಳಿವೆ, ಒಟ್ಟು 43 ಅಂಕ. ಸ್ಖಲನದ ನೋವು ಅದರಲ್ಲಿ ಇದೆ. ಆದರೆ ನಿಮಿರುವಿಕೆ, ಆಸೆ, ಆತಂಕ, ಖಿನ್ನತೆ ಇವುಗಳ ಬಗ್ಗೆ ನೇರ ಪ್ರಶ್ನೆ ಇಲ್ಲ. ಅದಕ್ಕೇ ಇನ್ನೆರಡು ಹಾಳೆ ಕೊಡುತ್ತೇನೆ. ಐಐಇಎಫ್-5 ನಿಮಿರುವಿಕೆಗೆ: 25ಕ್ಕೆ 21 ಅಥವಾ ಕಡಿಮೆ ಬಂದರೆ ತೊಂದರೆ ಇದೆ ಅಂತ ಲೆಕ್ಕ. ಪಿಎಚ್‌ಕ್ಯು-9 ಖಿನ್ನತೆಗೆ.

ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಲ್ಲಿ ಸೋಂಕೇ ಸಿಗುವುದಿಲ್ಲ. ಇದನ್ನು ಬಿಡಿಸಿ ಹೇಳಲು ನಾನು ಜಾಸ್ತಿ ಸಮಯ ಕೊಡುತ್ತೇನೆ. ಅವರ ತಲೆಯಲ್ಲಿ ಕೊರೆಯುತ್ತಿರುವುದು ಬೇರೆಯೇ: ಹೆಂಡತಿಗೆ ಅಂಟುತ್ತಾ? ಕ್ಯಾನ್ಸರ್ ಇರಬಹುದಾ? ಸೋಂಕಿಲ್ಲದ ಈ ಬಗೆ ಅಂಟುವುದಿಲ್ಲ. ಪ್ರೊಸ್ಟೇಟ್ ಕ್ಯಾನ್ಸರ್ ಅನುಮಾನಕ್ಕೆ ರಕ್ತದಲ್ಲಿ ನೋಡುವ ಪಿಎಸ್‌ಎ ಉರಿಯೂತದಿಂದಲೂ ಏರಬಹುದು. ಒಂದು ರಿಪೋರ್ಟ್ ನೋಡಿ ಎಷ್ಟೋ ಜನ ನಿದ್ದೆಗೆಟ್ಟಿರುತ್ತಾರೆ.

ಆಮೇಲೆ ಈ ಸುತ್ತನ್ನು ಚಿತ್ರ ಬರೆದು ತೋರಿಸುತ್ತೇನೆ. ಒಮ್ಮೆ ಸ್ಖಲನದಲ್ಲಿ ನೋವಾಯಿತು. ಮುಂದಿನ ಸಲ ಅದರ ಭಯ. ಭಯಕ್ಕೆ ಕಿಬ್ಬೊಟ್ಟೆಯ ತಳದ ಸ್ನಾಯು ಮುಷ್ಟಿಯ ಹಾಗೆ ಬಿಗಿಯುತ್ತದೆ, ನೋವು ಇನ್ನೂ ಜಾಸ್ತಿ. ಭಯದಲ್ಲಿ ನಿಮಿರುವಿಕೆ ಉಳಿಯುವುದಿಲ್ಲ, ಕೆಲವರಿಗೆ ಬೇಗ ಮುಗಿಸುವ ಆತುರ. ಕೊನೆಗೆ ಹತ್ತಿರ ಹೋಗುವುದೇ ಬೇಡ ಅನಿಸುತ್ತದೆ. ಹೆಂಡತಿ ಮಾತ್ರ ‘ಇವರಿಗೆ ನಾನು ಬೇಡವಾದೆ’ ಅಂದುಕೊಂಡಿರುತ್ತಾರೆ. ರೋಗಿ ಒಪ್ಪಿದರೆ ಅವರನ್ನೂ ಕೂರಿಸಿ ಇದೇ ಚಿತ್ರ ತೋರಿಸುತ್ತೇನೆ. ಸ್ವಲ್ಪ ದಿನ ಸಂಭೋಗದ ಗುರಿ ಬಿಟ್ಟು ಸುಮ್ನೆ ಹತ್ತಿರ ಇರಿ ಅಂತ ಇಬ್ಬರಿಗೂ ಹೇಳುತ್ತೇನೆ. ಎಷ್ಟು ದಿನಕ್ಕೊಮ್ಮೆ ವೀರ್ಯ ಹೋಗಬೇಕು ಅಂತ ಲೆಕ್ಕ ಹಾಕಿ ಕೊಡುವುದು ನನಗೆ ಇಷ್ಟವಿಲ್ಲ. ಅದೊಂದು ಹೊಸ ಪರೀಕ್ಷೆಯಾಗುತ್ತದೆ.

ಸ್ನಾಯು ಸಡಿಲಿಸುವುದನ್ನು ಫಿಸಿಯೋಥೆರಪಿಸ್ಟ್ ಕಲಿಸುತ್ತಾರೆ. ಎಲ್ಲೋ ಓದಿ ಕೀಗಲ್ ವ್ಯಾಯಾಮ, ಅಂದರೆ ಅದೇ ಸ್ನಾಯುವನ್ನು ಬಿಗಿಹಿಡಿದು ಬಿಡುವುದನ್ನು, ಮಾಡುತ್ತಿರುವವರೂ ಇರುತ್ತಾರೆ. ಮೊದಲೇ ಬಿಗಿದಿರುವುದನ್ನು ಮತ್ತೆ ಬಿಗಿಸಿದರೆ ಹೇಗೆ? ಅದನ್ನು ನಿಲ್ಲಿಸಲು ಹೇಳುತ್ತೇನೆ.

ಔಷಧಿಯ ವಿಷಯದಲ್ಲಿ ಮುಂಚೆಯೇ ಹೇಳುವ ಮಾತೊಂದಿದೆ. ಮೂತ್ರ ಸಲೀಸಾಗಿ ಹೋಗಲು ಕೊಡುವ ಟ್ಯಾಮ್ಸುಲೋಸಿನ್ ಮಾತ್ರೆ ತಗೊಂಡರೆ ವೀರ್ಯ ಕಡಿಮೆ ಬರಬಹುದು, ಬರದೇನೂ ಇರಬಹುದು, ನಿಲ್ಲಿಸಿದರೆ ಸರಿಹೋಗುತ್ತದೆ. ಹೇಳದೇ ಕೊಟ್ಟರೆ ಮೊದಲೇ ಹೆದರಿದ ಮನುಷ್ಯ ಇನ್ನಷ್ಟು ಹೆದರುತ್ತಾನೆ. ಖಿನ್ನತೆಯ ಕೆಲವು ಮಾತ್ರೆಗಳು ಆಸೆ ತಗ್ಗಿಸುತ್ತವೆ, ಸ್ಖಲನ ತಡ ಮಾಡುತ್ತವೆ. ಶೀಘ್ರಸ್ಖಲನ ಇರುವವರಿಗೆ ಅದು ಅನುಕೂಲವೇ, ಆಸೆಯೇ ಹೋಗಿರುವವರಿಗೆ ಅಲ್ಲ.

ಮನಶ್ಶಾಸ್ತ್ರಜ್ಞರ ಹೆಸರೆತ್ತಿದರೆ ‘ಅಂದ್ರೆ ಇದು ನನ್ನ ಭ್ರಮೆನಾ ಡಾಕ್ಟ್ರೇ?’ ಅಂತ ಕೇಳುವವರೇ ಹೆಚ್ಚು. ನೋವು ನಿಜ, ಅದನ್ನು ತಾಳುವ ಶಕ್ತಿ ಸೋರಿಹೋಗಿದೆ, ಅದಕ್ಕೂ ಚಿಕಿತ್ಸೆ ಇದೆ ಅನ್ನುತ್ತೇನೆ. ಫಿಸಿಯೋ ಚೀಟಿ ಬರೆಯುವಾಗಲೇ ಇದನ್ನೂ ಬರೆದರೆ ಒಪ್ಪುತ್ತಾರೆ. ಎಲ್ಲಾ ಔಷಧಿ ಸೋತಮೇಲೆ ಕಳಿಸಿದರೆ ಕೈಬಿಟ್ಟರು ಅನಿಸುತ್ತದೆ, ಅಲ್ವಾ?

ಮತ್ತೆ ಬಂದಾಗ ಅದೇ ಹಾಳೆಗಳನ್ನು ತುಂಬಿಸುತ್ತೇನೆ. ಎನ್‌ಐಎಚ್ ಅಂಕ 6ರಷ್ಟು ಇಳಿದರೆ ನಿಜವಾದ ಸುಧಾರಣೆ ಅಂತ ಲೆಕ್ಕ. ಪಿಎಚ್‌ಕ್ಯು-9ರಲ್ಲಿ ನಾನು ಮೊದಲು ನೋಡುವುದು ಕೊನೆಯ ಪ್ರಶ್ನೆ, ಸಾಯುವ ಯೋಚನೆ ಬರುತ್ತದೆಯೇ ಅನ್ನುವುದು. ಅಲ್ಲಿ ಸೊನ್ನೆ ಬಿಟ್ಟು ಬೇರೇನು ಬರೆದಿದ್ದರೂ ಪ್ರೊಸ್ಟೇಟ್ ಮಾತು ಬದಿಗಿಟ್ಟು ಅದನ್ನೇ ಬಿಡಿಸಿ ಕೇಳುತ್ತೇನೆ. ಅಪಾಯ ಕಂಡರೆ ಮನೆಯವರ ಜೊತೆ ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತೇನೆ.