ಓರೆ ಬಾಗಿಲಿನಲ್ಲಿ ಮರದ ನೆಲಕ್ಕೆ ಪಟ್ಟಿ ಕೂರಿಸುವುದು ಹೇಗೆ?

ಬೆಂಗಳೂರಿನ ಎಷ್ಟೋ ಫ್ಲ್ಯಾಟ್‌ಗಳಲ್ಲಿ ಹಾಲ್‌ನ ಮೂಲೆ ಕತ್ತರಿಸಿದ ಹಾಗೆ ಬೆಡ್‌ರೂಮ್ ಬಾಗಿಲನ್ನು ಓರೆಯಾಗಿ ಇಟ್ಟಿರುತ್ತಾರೆ. ಜಾಗ ಉಳಿಯುತ್ತದೆ, ಸರಿ. ಆದರೆ ರೂಮಿನ ಟೈಲ್ಸ್ ಮೇಲೆ ಮರದ ಹಲಗೆ ಹಾಸಲು ಹೊರಟರೆ ತಲೆನೋವು ಶುರುವಾಗುವುದು ಇಲ್ಲೇ. ಹಲಗೆ ಗೋಡೆಗುಂಟ ನೇರವಾಗಿ ಬರುತ್ತದೆ, ಬಾಗಿಲು ಓರೆಗೆ ನಿಂತಿದೆ, ಹಾಗಾಗಿ ಅಲ್ಲಿಗೆ ಬರುವ ಪ್ರತಿ ಹಲಗೆಯ ತುದಿಯನ್ನೂ ಓರೆಯಾಗಿ ಕೊಯ್ಯಬೇಕು. ಎಲ್ಲ ತುದಿಗಳೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ಆ ತುದಿಗಳಿಗೂ ಹಾಲ್‌ನ ಟೈಲ್ಸ್‌ಗೂ ನಡುವಿನ ಸಂದನ್ನು ಮುಚ್ಚುವುದೇ ಪಟ್ಟಿ.

ಮೊದಲ ಮಾತು: 45 ಡಿಗ್ರಿ ಅಂತ ಸುಮ್ನೆ ನಂಬಬೇಡಿ. ನಕ್ಷೆಯಲ್ಲಿ 45 ಇರುತ್ತದೆ. ಪ್ಲಾಸ್ಟರ್ ಆಗಿ ಚೌಕಟ್ಟು ಕೂತ ಮೇಲೆ ಅದು 43 ಆಗಿರಬಹುದು, 47 ಆಗಿರಬಹುದು. 90 ಸೆಂ.ಮೀ. ಅಗಲದ ಬಾಗಿಲಲ್ಲಿ ಎರಡು ಡಿಗ್ರಿ ತಪ್ಪಿದರೆ ಒಂದು ತುದಿಯಲ್ಲಿ ಮೂರು ಸೆಂ.ಮೀ. ಸಂದು ಬಿಡುತ್ತದೆ. ಕೋನ ಅಳೆಯುವ ಗೋಜಿಗೇ ಹೋಗಬೇಡಿ, ಬಾಗಿಲನ್ನೇ ಅಳತೆಕೋಲು ಮಾಡಿಕೊಳ್ಳಿ.

ಅದು ಹೀಗೆ. ಟೈಲ್ಸ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ರೂಮಿನ ಒಳಗೆ ನಿಂತು ಬಾಗಿಲು ಪೂರ್ತಿ ಮುಚ್ಚಿ, ಅದರ ಬುಡಕ್ಕೆ ತಾಗಿಸಿ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಬಾಗಿಲು ತೆಗೆದು, ಅದರ ದಪ್ಪದಷ್ಟು (ಸಾಮಾನ್ಯವಾಗಿ 30ರಿಂದ 35 ಮಿ.ಮೀ.) ಹಾಲ್ ಕಡೆಗೆ ಬಿಟ್ಟು ಇನ್ನೊಂದು ಗೆರೆ. ಪಟ್ಟಿಯ ನಡುಭಾಗ ಈ ಎರಡು ಗೆರೆಗಳ ಮಧ್ಯೆ ಬರಬೇಕು. ಆಗ ಬಾಗಿಲು ಮುಚ್ಚಿದರೆ ರೂಮಿನಿಂದ ಮರ ಮಾತ್ರ, ಹಾಲ್‌ನಿಂದ ಟೈಲ್ಸ್ ಮಾತ್ರ ಕಾಣುತ್ತದೆ. ಪಟ್ಟಿ ಎಷ್ಟೇ ಚೆನ್ನಾಗಿರಲಿ, ಬಾಗಿಲಿನಿಂದ ಆಚೆ ಇಣುಕಿದರೆ ನೋಡಲು ಚೆಂದ ಇರುವುದಿಲ್ಲ.

ಪಟ್ಟಿ ಯಾವುದು? ಎರಡೂ ಕಡೆ ಒಂದೇ ಎತ್ತರ ಇದ್ದರೆ ಟಿ ಪ್ರೊಫೈಲ್, ಅಂದರೆ ಇಂಗ್ಲಿಷ್ T ಆಕಾರದ ಪಟ್ಟಿ, ಸಾಕು. ಆದರೆ 14 ಮಿ.ಮೀ. ಎಂಜಿನಿಯರ್ಡ್ ವುಡ್ (ಮರದ ಪದರಗಳನ್ನು ಅಂಟಿಸಿ ಮಾಡಿದ ಹಲಗೆ), ಕೆಳಗೆ 2 ಮಿ.ಮೀ. ಫೋಮ್ ಅಂದರೆ ರೂಮಿನ ನೆಲ 16 ಮಿ.ಮೀ. ಮೇಲೇರುತ್ತದೆ. ಇದಕ್ಕೆ ಇಳಿಜಾರಿರುವ ರೆಡ್ಯೂಸರ್ ಬೇಕು. ಅಲ್ಯೂಮಿನಿಯಂನದು ಸಿಗುತ್ತದೆ, ಬಡಗಿ ಹತ್ತಿರ ಸಾಗುವಾನಿಯಲ್ಲಿ ಮಾಡಿಸಿದರೆ ನನ್ನ ಪ್ರಕಾರ ಇನ್ನೂ ಚೆಂದ. ಗೆರೆ ಎಳೆದಾದ ಮೇಲೆ ಬಾಗಿಲು ಬಿಚ್ಚಿ, ಬುಡ ಕೊಯ್ಸಿಬಿಡಿ. ಹೊಸ ನೆಲ, ಪಟ್ಟಿ ಎರಡರ ಮೇಲೂ 5 ಮಿ.ಮೀ. ಸಂದು ಉಳಿಯಲಿ. ಚೌಕಟ್ಟಿನ ಬುಡವನ್ನೂ ಸ್ವಲ್ಪ ಕೊಯ್ಯಬೇಕು: ಒಂದು ತುಂಡು ಹಲಗೆಯನ್ನು ಫೋಮ್ ಸಮೇತ ಪಕ್ಕದಲ್ಲಿಟ್ಟು, ಅದರ ಮೇಲೆ ಗರಗಸವನ್ನು ಮಲಗಿಸಿ ಎಳೆದರೆ ಎತ್ತರ ಸರಿಯಾಗಿ ಸಿಗುತ್ತದೆ, ಹಲಗೆ ಅದರಡಿಗೆ ನುಸುಳುತ್ತದೆ.

ಈಗ ಮುಖ್ಯ ಕೆಲಸ. ಹಲಗೆಗಳನ್ನು ಗೆರೆ ದಾಟಿ ಹಾಲ್ ಕಡೆಗೆ ಚಾಚುವ ಹಾಗೆ ಜೋಡಿಸಿ, ಕೊಯ್ಯಬೇಡಿ. ಆದರೆ ಮೊದಲ ಸಾಲು ಹಾಕುವಾಗಲೇ ಬಾಗಿಲ ಹತ್ತಿರ ಏನು ಬರುತ್ತದೆ ನೋಡಿಕೊಳ್ಳಿ. ಓರೆಯಾಗಿ ಕೊಯ್ದಾಗ ಚೌಕಟ್ಟಿನ ಪಕ್ಕ ಎರಡು ಬೆರಳಗಲದ ತ್ರಿಕೋನದ ತುಂಡು ಉಳಿದರೆ ಅದು ಲಾಕ್‌ನಲ್ಲಿ (ಹಲಗೆಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಅಂಚಿನಲ್ಲಿ) ನಿಲ್ಲುವುದಿಲ್ಲ, ಕಾಲಿಟ್ಟಾಗಲೆಲ್ಲ ಅಲುಗಾಡುತ್ತದೆ. ಇಡೀ ಸಾಲನ್ನು ಸ್ವಲ್ಪ ಸರಿಸಿದರೆ ಇದು ತಪ್ಪುತ್ತದೆ. ತಪ್ಪಲೇ ಇಲ್ಲವಾದರೆ ಆ ತುಂಡನ್ನು ಪಕ್ಕದ ಹಲಗೆಗೆ ಫೆವಿಕಾಲ್ ಹಾಕಿ ಒಂದು ಮಾಡಿ, ಟೈಲ್ಸ್‌ಗೆ ಮಾತ್ರ ಅಂಟಿಸಬೇಡಿ. ಹಾಗೇ ಉದ್ದದ ಹಲಗೆಗಳ ಜೋಡು ಬಾಗಿಲ ಬಾಯಲ್ಲೇ ಬರದಿರಲಿ, ಒಂದಡಿಯಾದರೂ ಒಳಗಿರಲಿ.

ಕೊಯ್ಯುವ ಗೆರೆ ಎಲ್ಲಿಗೆ ಅಂತ ಲೆಕ್ಕ ಹಾಕುವುದೂ ಬೇಡ. ಪಟ್ಟಿಯನ್ನು ಅದರ ಜಾಗದಲ್ಲಿಟ್ಟು, ಒಂದು ತುಂಡು ಹಲಗೆಯನ್ನು ಪಟ್ಟಿಯ ತುಟಿಯ (ಹಲಗೆಯ ಮೇಲೆ ಚಾಚುವ ಅಂಚಿನ) ಕೆಳಗೆ ತೂರಿಸಿ, ಪಟ್ಟಿಯ ಕಾಲಿಗೆ (ಟೈಲ್ಸ್ ಮೇಲೆ ನಿಲ್ಲುವ ಭಾಗಕ್ಕೆ) ತಾಗಿದ ಮೇಲೆ 8ರಿಂದ 10 ಮಿ.ಮೀ. ಹಿಂದೆ ಎಳೆಯಿರಿ. ಹಲಗೆ ಮುಗಿಯಬೇಕಾದ ಜಾಗ ಅದೇ. ಆ ಸಂದು ಬೇಕೇ ಬೇಕು. ಮಳೆಗಾಲದಲ್ಲಿ ತೇವ ಕುಡಿದು ಮರ ಹಿಗ್ಗುತ್ತದೆ, ಮಂಗಳೂರು ಕಡೆಯಾದರೆ ಇನ್ನೂ ಜಾಸ್ತಿ. ಜಾಗ ಇಲ್ಲದಿದ್ದರೆ ನೆಲ ಉಬ್ಬುತ್ತದೆ. ಈ ಬಿಂದುವನ್ನು ಬಾಗಿಲ ಎರಡೂ ತುದಿಯಲ್ಲಿ ಹಿಡಿದು, ನೇರವಾದ ಅಲ್ಯೂಮಿನಿಯಂ ಸ್ಕೇಲ್ ಇಟ್ಟು ಎಲ್ಲ ಹಲಗೆಗಳ ಮೇಲೂ ಒಂದೇ ಎಳೆತದಲ್ಲಿ ಗೆರೆ ಹಾಕಿ. ಹಲಗೆಗಳಿಗೆ ನಂಬರ್ ಬರೆದು, ಬಿಚ್ಚಿಕೊಂಡು ಬಾಲ್ಕನಿಗೆ ಹೋಗಿ ಕೊಯ್ಯಿರಿ. ಸರ್ಕ್ಯುಲರ್ ಗರಗಸ ಮೇಲ್ಮೈಯನ್ನು ಕೀಳುತ್ತದೆ, ಅದಕ್ಕೆ ಮಗುಚಿ ಕೊಯ್ಯುತ್ತಾರೆ. ಆದರೆ ಮಗುಚಿದಾಗ ಓರೆ ಉಲ್ಟಾ ಆಗುತ್ತದೆ! ಅಂಚುಗಳ ಮೇಲಿಂದ ಗೆರೆಯನ್ನು ಹಿಂಬದಿಗೆ ದಾಟಿಸಿಕೊಂಡು ಮಾತ್ರ ಕೊಯ್ಯಿರಿ. ಅಂಚು ಒಂದೆರಡು ಮಿ.ಮೀ. ಒರಟಾದರೆ ಚಿಂತೆಯಿಲ್ಲ, ತುಟಿಯ ಕೆಳಗೆ ಮರೆಯಾಗುತ್ತದೆ.

ಪಟ್ಟಿಯ ತುದಿಗಳಿಗೆ ತಾಳ್ಮೆ ಬೇಕು. ಚೌಕಟ್ಟಿನಲ್ಲಿ ಬಾಗಿಲು ಕೂರುವ ಮೆಟ್ಟಿಲಿರುತ್ತದೆ, ಅಲ್ವಾ? ಪಟ್ಟಿಗೂ ಆ ಆಕಾರದ ಕಚ್ಚು ಬೇಕು. ರಟ್ಟಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಮಾದರಿ ಕತ್ತರಿಸಿ ನೋಡಿ, ಎರಡೂ ಒಂದೇ ಥರ ಇರುತ್ತವೆ ಅನ್ನುವಂತಿಲ್ಲ. ಪಟ್ಟಿಯನ್ನು ಒಂದು ಮಿ.ಮೀ. ಉದ್ದ ಕೊಯ್ದು ಉಜ್ಜುತ್ತಾ ಬನ್ನಿ. ಅಲ್ಯೂಮಿನಿಯಂ ಆದರೆ ಅಂಚಿಗೆ ಅರ ಹಾಕಲೇಬೇಕು, ನಾವು ಮನೆಯಲ್ಲಿ ಬರಿಗಾಲಲ್ಲೇ ಓಡಾಡುವವರು.

ಅಂಟು ಪಟ್ಟಿಯ ಕಾಲಿಗೆ, ಟೈಲ್ಸ್‌ಗೆ ಮಾತ್ರ. ಹಲಗೆಗೆ ತಾಗಿದರೆ ಅದು ಸರಿದಾಡುವುದಿಲ್ಲ, ಬಿಟ್ಟ ಸಂದು ದಂಡ. ಟೈಲ್ಸ್ ಕೊರೆಯುವುದಕ್ಕಿಂತ ಪಿಯು (ಪಾಲಿಯುರೆಥೇನ್) ಅಂಟು ಹಾಕಿ, ಮೇಲೆ ಭಾರ ಹೇರಿ, ಒಂದು ದಿನ ಯಾರೂ ತುಳಿಯದಂತೆ ಬಿಡುವುದು ಒಳ್ಳೆಯದು. ಕೊನೆಗೆ ಟೈಲ್ಸ್ ಕಡೆಯ ಅಂಚಿಗೂ ಚೌಕಟ್ಟು ಸೇರುವ ಎರಡು ಮೂಲೆಗೂ ತೆಳ್ಳಗೆ ಸಿಲಿಕೋನ್ ಎಳೆಯಿರಿ. ಹಾಲ್ ಒರೆಸುವ ನೀರು ಒಳಗೆ ನುಗ್ಗುವುದು ಆ ಮೂಲೆಗಳಿಂದಲೇ.