ಏಳು ತಿಂಗಳ ರಜೆ

"ಯಾವಾಗ ವಾಪಸ್?"

ಆರಾಧನೆ ಮುಗಿದು ಚರ್ಚಿನ ಮೆಟ್ಟಿಲು ಇಳಿಯುವಾಗ ಪ್ರತಿ ಭಾನುವಾರ ಯಾರಾದರೂ ಕೇಳುತ್ತಿದ್ದರು. "ರಜೆ ಇನ್ನೂ ಇದೆ" ಎನ್ನುತ್ತಿದ್ದೆ. ಮಸ್ಕತ್‌ನ ಕೆಲಸ ಹೋಗಿ ಆಗಲೇ ಏಳು ತಿಂಗಳಾಗಿತ್ತು. ಅಷ್ಟು ಉದ್ದದ ರಜೆ ಯಾವ ಕಂಪನಿಯೂ ಕೊಡುವುದಿಲ್ಲ ಎಂದು ಕೇಳುವವರಿಗೂ ಗೊತ್ತಿತ್ತು. ಆದರೂ ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ.

ಆ ವರ್ಷದ ಬೆಳೆ ಹಬ್ಬದಲ್ಲಂತೂ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಮ್ಮಲ್ಲಿ ಜನ ತಂದ ತೆಂಗಿನಕಾಯಿ, ತರಕಾರಿ, ಊರ ಕೋಳಿ ಎಲ್ಲವನ್ನೂ ಆರಾಧನೆಯ ನಂತರ ಏಲಂ ಹಾಕುತ್ತಾರೆ. ಒಂದು ಬಾಳೆಗೊನೆಗೆ ನಾನು 2,500 ರೂಪಾಯಿ ಕೂಗಿದೆ. ಗಲ್ಫ್‌ನವನು ಕಡಿಮೆ ಕೂಗಿದರೆ ಹೇಗೆ? ಹೆಂಡತಿಯ ಬಳೆ ಅಡವಿಟ್ಟು ತಂದ ದುಡ್ಡು ಅದು.

ನಮ್ಮದು ಮಂಗಳೂರಿನ ಬಾಸೆಲ್ ಮಿಶನ್ ಮೂಲದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಸ್ವಿಟ್ಜರ್ಲೆಂಡಿನ ಆ ಮಿಶನ್‌ನವರು ಇಲ್ಲಿಗೆ ಬಂದಿದ್ದು 1834ರಲ್ಲಿ. ಆಗ ಕ್ರೈಸ್ತರಾದ ಎಷ್ಟೋ ಜನರಿಗೆ ಮನೆ, ಕಸುಬು ಎರಡೂ ತಪ್ಪಿಹೋಗುತ್ತಿತ್ತು. ಅದಕ್ಕೇ ಮಿಶನ್ ನೇಯ್ಗೆ ಶುರುಮಾಡಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ನನ್ನ ಮುತ್ತಜ್ಜ ಅಲ್ಲೇ ದುಡಿದವರು. ಜೊತೆಗೆ ಕೆಲಸ ಮಾಡುವವರೇ ಪಕ್ಕದ ಮನೆಯವರು, ಭಾನುವಾರ ಪಕ್ಕದ ಬೆಂಚಿನವರೂ ಅವರೇ. ಒಬ್ಬರ ಒಲೆಯಲ್ಲಿ ಗಂಜಿ ಬೆಂದಿಲ್ಲ ಎಂದರೆ ಇನ್ನೊಬ್ಬರಿಗೆ ತಿಳಿಯುತ್ತಿತ್ತು. ಆ ಕಾಲವೇ ಚೆನ್ನಾಗಿತ್ತು ಎನ್ನುತ್ತಿಲ್ಲ, ಜಗಳವೂ ಜಾಸ್ತಿಯೇ ಇದ್ದಿರಬೇಕು. ಆದರೆ ಮುಚ್ಚಿಡುವುದು ಕಷ್ಟವಿತ್ತು. ನಾವೋ ಸುರತ್ಕಲ್‌ನಿಂದ, ತೊಕ್ಕೊಟ್ಟಿನಿಂದ ಇಸ್ತ್ರಿ ಬಟ್ಟೆಯಲ್ಲಿ ಬಂದು ಎರಡು ಗಂಟೆ ಕೂತು ಹೋಗುವವರು. ಎರಡು ಗಂಟೆ ನಟಿಸುವುದು ಏನು ಮಹಾ.

ಗುರುವಾರ ಸಂಜೆ ಐದಾರು ಮನೆಯವರು ಸೇರಿ ಮನೆ ಪ್ರಾರ್ಥನೆ ಮಾಡುತ್ತೇವೆ. "ಪ್ರಾರ್ಥನೆಗೆ ವಿಷಯ ಇದೆಯಾ?" ಎಂದರೆ ಎಲ್ಲರೂ ದೂರದ್ದನ್ನೇ ಹೇಳುವುದು. ದೇಶದ ನಾಯಕರು, ಪರೀಕ್ಷೆ ಬರೆಯುವ ಮಕ್ಕಳು, ಮಳೆ. ಒಂದು ಗುರುವಾರ ನನ್ನ ಸರದಿ ಬಂತು. "ದೇವರ ಚಿತ್ತದಂತೆ ನಮ್ಮ ಕುಟುಂಬದ ಅಗತ್ಯಗಳು..." ಎಂದು ಶುರುಮಾಡಿದವನಿಗೆ ನನ್ನ ಮಾತೇ ಬೇಸರ ಬಂತು. ಮನೆಯಲ್ಲಿ ನಾವು ಮಾತಾಡುವುದು ತುಳು, ಪ್ರಾರ್ಥಿಸುವುದು ಗ್ರಂಥದ ಕನ್ನಡದಲ್ಲಿ. ಆ ಕನ್ನಡ ನನಗೆ ತುಂಬ ಇಷ್ಟ. ಆದರೆ ಅದರೊಳಗೆ ಅಡಗಿ ಕೂರಲು ಜಾಗ ಬಹಳ. "ಎಂಕ್ ಬೇಲೆ ಇಜ್ಜಿ" ಎಂದುಬಿಟ್ಟೆ. ನನಗೆ ಕೆಲಸ ಇಲ್ಲ. ಬಾಳೆಗೊನೆಯ ಕತೆಯನ್ನೂ ಹೇಳಿದೆ. (ಮಿಶನ್‌ನವರು 1847ರಲ್ಲೇ ತುಳುವಿನಲ್ಲಿ ಬೈಬಲಿನ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ್ದರು. ನಮ್ಮ ಭಾಷೆಯ ಬೆಲೆ ಪರದೇಶದವರಿಗೆ ಗೊತ್ತಿತ್ತು, ನನಗೆ ಹೊಳೆಯಲು ಇಷ್ಟು ಕಾಲ ಬೇಕಾಯಿತು.)

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೂಲೆಯಲ್ಲಿದ್ದ ಹಿರಿಯರೊಬ್ಬರು, ಅವರೂ ತುಳುವಿನಲ್ಲೇ, ಮಗ ಫೋನ್ ಮಾಡಿ ಎರಡು ವರ್ಷ ಆಯಿತು ಎಂದರು. ಎದುರು ಮನೆಯಲ್ಲೇ ಇರುವ ನಮಗೂ ಅದು ಗೊತ್ತಿರಲಿಲ್ಲ.

ಭಾನುವಾರದ ಹೊತ್ತಿಗೆ ನನ್ನ ವಿಷಯ ಇಡೀ ಸಭೆಗೆ ತಲುಪಿತ್ತು. ನಮ್ಮ ಗುಂಪಿನ ಅಕ್ಕ ಒಬ್ಬರು ನಾಲ್ಕು ಕಡೆ ಹೇಳಿದ್ದರು. "ಪ್ರಾರ್ಥನೆ ಮಾಡಲಿ ಅಂತ." ಚರ್ಚಿನಲ್ಲಿ ಬೆಳೆದವರಿಗೆ ಇದು ಹೊಸದಲ್ಲ, ನಮ್ಮಲ್ಲಿ ಚಾಡಿಯೂ ಕಣ್ಣು ಮುಚ್ಚಿ, ಕೈ ಜೋಡಿಸಿಯೇ ಬರುತ್ತದೆ. ಸಿಟ್ಟಿನಿಂದ ಸಭಾಪಾಲಕರ ಹತ್ತಿರ ಹೋದೆ. ಅವರು ಬೈಬಲಿನ ಮತ್ತಾಯ 18:15 ತೆಗೆದು ಮುಂದಿಟ್ಟರು. ತಪ್ಪು ಮಾಡಿದವನ ಹತ್ತಿರ ನೀನೊಬ್ಬನೇ ಹೋಗಿ ಮಾತಾಡು ಎಂಬ ಭಾಗ. ಎಷ್ಟೋ ಸಲ ಪ್ರಸಂಗದಲ್ಲಿ ಕೇಳಿದ್ದೆ. ಮಾಡಿದ್ದು ಅದೇ ಮೊದಲು.

"ನೀವೇ ಎಲ್ಲರೆದುರು ಹೇಳಿದ್ದಲ್ವಾ?" ಎಂದರು ಅಕ್ಕ, ಸಿಟ್ಟಿನಲ್ಲೇ. ಅವರ ಮಾತಿನಲ್ಲೂ ಅರ್ಥವಿತ್ತು. ಇಲ್ಲೇ ಇರಲಿ ಎಂದು ನಾನು ಹೇಳಿರಲಿಲ್ಲ. "ಅಕ್ಕ, ನನ್ನ ಮಗಳಿಗೆ ಇದು ಬೇರೆಯವರ ಬಾಯಿಂದ ತಿಳಿಯಿತು" ಎಂದೆ. ಆಗ ಅವರು ಸುಮ್ಮನಾದರು. ಮುಂದಿನ ಗುರುವಾರ ಅವರೇ ಎಲ್ಲರೆದುರು ಹೇಳಿದರು: ಇಲ್ಲಿ ಕೇಳಿದ್ದನ್ನು ಹೊರಗೆ ಹೇಳಬೇಕಾದರೆ ಆ ವಿಷಯ ಹೇಳಿಕೊಂಡವರನ್ನೇ ಕೇಳಿ ಹೇಳೋಣ. ಹೆಂಡತಿಗೆ, ಗಂಡನಿಗೆ ಹೇಳುವುದಕ್ಕೂ ಇದೇ ಮಾತು.

ಇನ್ನೂ ಒಂದು ಬದಲಾವಣೆ ಮಾಡಿದೆವು. ಕೇಳಲು ಸಣ್ಣದು, ಕೆಲಸ ಮಾಡಿದ್ದು ಅದೇ ಜಾಸ್ತಿ. ಪ್ರಾರ್ಥನೆಯ ಮನೆಯಲ್ಲಿ ತಿಂಡಿ ಬೆಳೆಯುತ್ತಾ ಹೋಗಿತ್ತು. ಒಬ್ಬರು ಕಟ್ಲೆಟ್ ಮಾಡಿದರೆ ಮುಂದಿನವರು ಕೇಕ್, ಅದರ ಮುಂದಿನವರು ಕೋರಿ ರೊಟ್ಟಿ. ಒಂದು ಮನೆಯವರು ಮಾತ್ರ ಯಾವಾಗಲೂ "ಈ ಸಲ ಬೇಡ, ಮನೆ ರಿಪೇರಿ" ಎನ್ನುತ್ತಿದ್ದರು. ಬರೀ ಚಹಾ, ಬಿಸ್ಕತ್ತು ಎಂದು ತೀರ್ಮಾನಿಸಿದ ಎರಡೇ ವಾರಕ್ಕೆ ರಿಪೇರಿ ಮುಗಿಯಿತು. ಅವರ ಮನೆಯಲ್ಲಿ ಚಾಪೆಯ ಮೇಲೆ ಕೂತ ದಿನ ನಾವು ಎದ್ದು ಹೋಗುವಾಗ ರಾತ್ರಿ ಹತ್ತಾಗಿತ್ತು.

ಗುಂಪಿನೊಳಗೆ ಸಾಲ ಕೊಡುವುದು, ಕೇಳುವುದು ಬೇಡ ಎಂಬುದು ನನ್ನ ಹಟ. ಕೆಲವರಿಗೆ ಇದು ಪ್ರೀತಿಯಲ್ಲ ಅನ್ನಿಸಿತು. ಇರಲಿ, ಸಾಲದವನ ಎದುರು ಯಾರೂ ಮನಸ್ಸು ಬಿಚ್ಚುವುದಿಲ್ಲ. ಯಾರಾದರೂ ಕಷ್ಟ ಹೇಳಿದ ಕೂಡಲೇ ಬೈಬಲ್ ವಚನ ಹುಡುಕಿ ಓದುವುದನ್ನೂ ಬಿಡಬೇಕಿತ್ತು. ಅದಿನ್ನೂ ಪೂರ್ತಿ ಬಿಟ್ಟಿಲ್ಲ, ನಾನೂ ಸೇರಿ.

ಎಲ್ಲರೂ ಉಳಿಯಲಿಲ್ಲ. "ಇದು ಪ್ರಾರ್ಥನೆಯಾ, ಪಂಚಾಯ್ತಿಯಾ" ಎಂದು ಎರಡು ಮನೆಯವರು ಬೇರೆ ಗುಂಪಿಗೆ ಹೋದರು. ನನಗೆ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ಬಳೆ ಬಿಡಿಸಿಯಾಯಿತು.

ಬಾಕಿ ಇರುವುದು ಒಬ್ಬರು. ಹಿಂದೆ ಸಭಾ ಸಮಿತಿಯ ಚುನಾವಣೆಯಲ್ಲಿ ಅವರ ಬಗ್ಗೆ ನಾನು ಆಡಬಾರದ್ದು ಆಡಿದ್ದೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ದಿನ ನಾನು ಎದ್ದು ಮುಂದೆ ಹೋದರೆ ಅವರು ಬೆಂಚಿನಲ್ಲೇ ಕೂರುತ್ತಾರೆ. ಕ್ಷಮೆ ಕೇಳಲು ಎರಡು ಸಲ ಮನೆಗೆ ಹೋದೆ. ಮೊದಲ ಸಲ ಗೇಟು ತೆರೆಯಲಿಲ್ಲ. ಎರಡನೇ ಸಲ ಒಳಗೆ ಕೂರಿಸಿ ಒಂದು ಗಂಟೆ ಅಡಿಕೆಯ ಕೊಳೆರೋಗದ ಬಗ್ಗೆಯೇ ಮಾತಾಡಿದರು. ನನಗೆ ಬಾಯಿ ತೆರೆಯಲು ಬಿಡಲೇ ಇಲ್ಲ. ಹೊರಡುವಾಗ ಮಾತ್ರ, "ಮುಂದಿನ ಸಲ ಬರುವಾಗ ಹೇಳಿ ಬನ್ನಿ, ಎಳನೀರು ಕೀಳಿಸಿಡುತ್ತೇನೆ" ಎಂದರು.